ಗಡಿ ದಾಟಿ ಬಂದ ಬ್ಯಾರೆಲ್: ಮೊಂಟಾನಾದ ಒಂದು ರಫ್ತು ಸೇವೆಯ ವಿಮರ್ಶೆ

ಅಮೆರಿಕದ ಮೊಂಟಾನಾ ರಾಜ್ಯದ ಒಂದು ಸಣ್ಣ ರಫ್ತು ಸಂಸ್ಥೆಯ ಮೂಲಕ ನಾನು ಎರಡು ಬಾರಿ ಬಂದೂಕಿನ ಬಿಡಿಭಾಗಗಳನ್ನು ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಕ್ಯಾಲ್ಗರಿಗೆ ತರಿಸಿಕೊಂಡಿದ್ದೇನೆ. 2022ರ ಕೊನೆಯಲ್ಲಿ ಒಂದು ಟ್ರಿಗರ್ ಬಂತು, 2023ರಲ್ಲಿ ಒಂದು ಬ್ಯಾರೆಲ್, ಎಂದರೆ ನಳಿಕೆ, ಬಂತು. ಎರಡೂ ನನ್ನ .308 ಕ್ಯಾಲಿಬರಿನ ರೆಮಿಂಗ್ಟನ್ 700 ಬೋಲ್ಟ್ ಆಕ್ಷನ್ ರೈಫಲ್‌ಗಾಗಿ. ಎರಡನೆಯ ಬಾರಿ ಸಂಸ್ಥೆಯಿಂದ ಒಂದು ತಪ್ಪಾಯಿತು. ಅದನ್ನು ಅವರು ಒಪ್ಪಿಕೊಂಡು ಸರಿಪಡಿಸಿದ್ದರಿಂದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇಂತಹ ಸೇವೆಗೆ ಹಣ ಕೊಡುವವರು ಪ್ರತಿಯಾಗಿ ಏನನ್ನು ಕೇಳಿ ಪಡೆಯಬೇಕು ಎಂಬುದು ಕೆನಡಾದಲ್ಲಿ ಗುರಿ ಅಭ್ಯಾಸ ಮಾಡುವ ಕನ್ನಡಿಗರಿಗೆ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಕೊಡಗಿನಲ್ಲಿ. ಕೈಲ್ ಪೊಳ್ದ್ ಹಬ್ಬದ ದಿನ ಅಜ್ಜ ಕೋವಿಯನ್ನು ಎಣ್ಣೆ ಬಟ್ಟೆಯಿಂದ ಒರೆಸಿ, ನಳಿಕೆಯ ಬಾಯಿಗೆ ತೋಕ್ ಪೂ ಎಂಬ ಹೂವನ್ನು ಸಿಕ್ಕಿಸಿ, ದೀಪದ ಮುಂದೆ ಇಡುತ್ತಿದ್ದರು. ಕೊಡವರಿಗೂ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿ ನಿಯಮದಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿದೆ. ಹೀಗಾಗಿ ಕೋವಿಯ ಕಾಗದಪತ್ರ ಎಂದರೆ ನನಗೆ ಗೊತ್ತಿದ್ದದ್ದು ಅಪ್ಪನ ಟ್ರಂಕಿನಲ್ಲಿ ನಾಲ್ಕಾಗಿ ಮಡಿಸಿಟ್ಟಿದ್ದ ಒಂದು ವಿನಾಯಿತಿ ಪತ್ರ ಮಾತ್ರ. ಇಲ್ಲಿಗೆ ಬಂದು ತರಬೇತಿ ಮುಗಿಸಿ, ಬಂದೂಕು ಹೊಂದಲು ಬೇಕಾದ, ಐದು ವರ್ಷಕ್ಕೊಮ್ಮೆ ನವೀಕರಿಸಬೇಕಾದ ಪಿಎಎಲ್ ಪರವಾನಗಿ ಪಡೆದ ಮೇಲೂ, ಬಂದೂಕಿನ ಒಂದು ಭಾಗ ದೇಶದ ಗಡಿ ದಾಟುವುದು ಎಂಥ ವಿಷಯವೆಂಬುದರ ಅಂದಾಜು ನನಗಿರಲಿಲ್ಲ.

ಅಮೆರಿಕದ ಮಾರಾಟಗಾರರಲ್ಲಿ ಅನೇಕರು ಕೆನಡಾದ ವಿಳಾಸ ಕಂಡ ಕೂಡಲೇ ಆರ್ಡರ್ ರದ್ದು ಮಾಡುತ್ತಾರೆ. ಇದಕ್ಕೆ ಹಳೆಯ ಕಾರಣವಿದೆ. 2020ರ ಮಾರ್ಚ್ 9ರವರೆಗೆ ಸಾಮಾನ್ಯ ರೈಫಲ್‌ನ ಭಾಗಗಳೂ ಯುದ್ಧಸಾಮಗ್ರಿಯ ಪಟ್ಟಿಯಲ್ಲಿದ್ದು, ಐಟಾರ್ ಎಂಬ ಶಸ್ತ್ರಾಸ್ತ್ರ ರಫ್ತು ನಿಯಮಗಳಡಿ ಅಮೆರಿಕದ ವಿದೇಶಾಂಗ ಇಲಾಖೆಯ ನಿಯಂತ್ರಣಕ್ಕೆ ಒಳಪಟ್ಟಿದ್ದವು. ಸಗಟು ಬೆಲೆ 100 ಡಾಲರ್ ಮೀರದ ಚಿಲ್ಲರೆ ಭಾಗಗಳಿಗೆ ವಿನಾಯಿತಿ ಇದ್ದರೂ ಬ್ಯಾರೆಲ್‌ಗೆ ಅದು ಅನ್ವಯಿಸುತ್ತಿರಲಿಲ್ಲ. ಅದರ ಜೊತೆಗೆ ಇಲಾಖೆಯಲ್ಲಿ ನೋಂದಣಿಗೆಂದೇ ವರ್ಷಕ್ಕೆ 2,250 ಡಾಲರ್ ಶುಲ್ಕ ಕಟ್ಟಬೇಕಿತ್ತು. ಅಂದಿನಿಂದ ಈ ಸಾಮಾನುಗಳು ವಾಣಿಜ್ಯ ಇಲಾಖೆಯ ರಫ್ತು ನಿಯಂತ್ರಣ ಸಂಸ್ಥೆಯಾದ ಬಿಐಎಸ್‌ನ ಕೈಗೆ ಬಂದಿವೆ, ಮತ್ತು ಅಲ್ಲಿ ಲೈಸೆನ್ಸಿನ ಅರ್ಜಿಗೆ ಶುಲ್ಕವಿಲ್ಲ. ಗಡಿಯ ಹತ್ತಿರದ ಊರುಗಳಲ್ಲಿ ಸಣ್ಣ ಸಂಸ್ಥೆಗಳು ನಮ್ಮಂಥ ಬಿಡಿ ಗ್ರಾಹಕರ ಕೆಲಸವನ್ನು ಹಿಡಿಯುವುದಕ್ಕೆ ಈ ಬದಲಾವಣೆ ಅನುಕೂಲ ಮಾಡಿಕೊಟ್ಟಿದೆ. ಆದರೂ ಕೆಲವು ಮಾರಾಟಗಾರರು ಇಂದಿಗೂ ಹಳೆಯ 100 ಡಾಲರ್ ಲೆಕ್ಕವನ್ನೇ ಹೇಳುತ್ತಾರೆ.

ಈ ಸೇವೆಯಲ್ಲಿ ನನಗೆ ಅತ್ಯಂತ ಮೆಚ್ಚಿಗೆಯಾದದ್ದು ವರ್ಗೀಕರಣದ ಕೆಲಸ. ನಾನು ಮೊದಲು ಕಳಿಸಿದ ಪಟ್ಟಿಯಲ್ಲಿ ಒಂದು ಟ್ರಿಗರ್ ಮತ್ತು ಒಂದು ರಿಕಾಯಿಲ್ ಪ್ಯಾಡ್ ಇದ್ದವು. ಹಣದ ಮಾತು ಎತ್ತುವ ಮೊದಲೇ ಅವರು ಪ್ರತಿಯೊಂದು ಸಾಮಾನಿನ ಎದುರು ರಫ್ತು ವರ್ಗದ ಸಂಖ್ಯೆಯನ್ನು ಬರೆದು ಕಳಿಸಿದರು. ಭುಜಕ್ಕೆ ಒರಗುವ ಆ ರಬ್ಬರ್ ಪ್ಯಾಡ್ 0ಎ501.ವೈ ವರ್ಗಕ್ಕೆ ಸೇರುವುದರಿಂದ ಕೆನಡಾಕ್ಕೆ ಲೈಸೆನ್ಸ್ ಇಲ್ಲದೆಯೇ ಬರಬಹುದು. ಬ್ಯಾರೆಲ್, ಬೋಲ್ಟ್, ಹ್ಯಾಮರ್‌ಗಳಂತೆ ಟ್ರಿಗರ್ ಕೂಡ 0ಎ501.ಸಿ ವರ್ಗದ್ದು, ಅದಕ್ಕೆ ಲೈಸೆನ್ಸ್ ಬೇಕು, ಇಲ್ಲವೇ ಕಡಿಮೆ ಮೌಲ್ಯದ ಸಾಮಾನುಗಳಿಗಿರುವ ಎಲ್‌ವಿಎಸ್ ವಿನಾಯಿತಿ ಬೇಕು. ಆ ವಿನಾಯಿತಿಯ ಮಿತಿ ಒಂದು ಸಾಗಣೆಗೆ 500 ಡಾಲರ್. ನನ್ನ ಟ್ರಿಗರ್‌ನ ಬೆಲೆ 189 ಡಾಲರ್ ಇದ್ದದ್ದರಿಂದ ಎರಡೂ ಸಾಮಾನುಗಳು ಹದಿನಾರು ದಿನಗಳಲ್ಲಿ ಮನೆಗೆ ತಲುಪಿದವು.

ಬ್ಯಾರೆಲ್‌ನ ವಿಷಯ ಅಷ್ಟು ಸುಲಭವಾಗಿರಲಿಲ್ಲ. ಹಳೆಯ ಬ್ಯಾರೆಲ್‌ನ ಗಂಟಲು, ಎಂದರೆ ಗುಂಡು ಒಳಹೊಗುವ ಭಾಗ, ಸವೆದು, ನೂರು ಮೀಟರಿನಲ್ಲಿ ಒಂದು ಇಂಚಿನೊಳಗೆ ಬೀಳುತ್ತಿದ್ದ ಗುಂಡುಗಳು ಎರಡೂವರೆ ಇಂಚಿಗೆ ಚದುರಲು ಶುರುವಾಗಿದ್ದವು. ನಾನು ಆರಿಸಿದ 26 ಇಂಚಿನ ಬ್ಯಾರೆಲ್‌ನ ಬೆಲೆ 620 ಡಾಲರ್. ಸಗಟು ಬೆಲೆಯನ್ನು ಲೆಕ್ಕಕ್ಕೆ ಹಿಡಿದು 500ರೊಳಗೆ ತೋರಿಸಲು ಸಾಧ್ಯವೇ ಎಂದು ನಾನು ಕೇಳಿದೆ, ಏಕೆಂದರೆ ಹಳೆಯ ನಿಯಮ ಸಗಟು ಬೆಲೆಯನ್ನೇ ನೋಡುತ್ತಿತ್ತು. ಅವರು ಸ್ಪಷ್ಟವಾಗಿ ಆಗುವುದಿಲ್ಲ ಎಂದರು. ಸಾಗಣೆ ಖರ್ಚನ್ನು ಕಳೆದು ಉಳಿಯುವ ಮಾರಾಟ ಬೆಲೆ ಮತ್ತು ಮಾರುಕಟ್ಟೆ ಬೆಲೆ, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನೇ ಹಿಡಿಯಬೇಕು ಎಂದೂ, ಮಿತಿಯೊಳಗೆ ತರಲು ಆರ್ಡರನ್ನು ಒಡೆಯುವಂತಿಲ್ಲ ಎಂದೂ, ಒಬ್ಬ ಗ್ರಾಹಕನಿಗೆ ಒಂದೇ ವರ್ಗದ ಸಾಮಾನನ್ನು ವರ್ಷದಲ್ಲಿ ಮಿತಿಯ ಹನ್ನೆರಡು ಪಟ್ಟಿಗಿಂತ, ಎಂದರೆ 6,000 ಡಾಲರಿಗಿಂತ, ಹೆಚ್ಚು ಕಳಿಸುವಂತಿಲ್ಲ ಎಂದೂ ವಿವರಿಸಿದರು. ಗ್ರಾಹಕನಿಗೆ ಬೇಡವಾದ ಉತ್ತರವನ್ನು ಕಾರಣಸಹಿತವಾಗಿ ಕೊಟ್ಟ ಆ ಪತ್ರವನ್ನು ಓದಿದ ಮೇಲೆಯೇ ನನಗೆ ಅವರಲ್ಲಿ ನಂಬಿಕೆ ಗಟ್ಟಿಯಾದದ್ದು.

ಲೈಸೆನ್ಸಿಗಾಗಿ ನನ್ನಿಂದ ಕೇಳಿದ್ದು ಪಿಎಎಲ್‌ನ ಪ್ರತಿ, ಬಳಕೆಯ ಉದ್ದೇಶವನ್ನು ತಿಳಿಸುವ ಸಹಿ ಮಾಡಿದ ಹೇಳಿಕೆ, ಮತ್ತು ಒಟ್ಟಾವಾದ ಗ್ಲೋಬಲ್ ಅಫೇರ್ಸ್ ಕೆನಡಾ ಇಲಾಖೆ ನೀಡುವ ಅಂತರರಾಷ್ಟ್ರೀಯ ಆಮದು ಪ್ರಮಾಣಪತ್ರ. ಈ ಕೊನೆಯದನ್ನು ಆಮದು ಮಾಡಿಕೊಳ್ಳುವವರೇ ಪಡೆಯಬೇಕು; ರಫ್ತುದಾರರು ನಮ್ಮ ಪರವಾಗಿ ಪಡೆಯಲಾರರು. ಜನವರಿಯ ಕೊನೆಯಲ್ಲಿ ಹಾಕಿದ ಅರ್ಜಿಗೆ ಏಪ್ರಿಲ್ ಮೊದಲ ವಾರದಲ್ಲಿ ಮಂಜೂರಾತಿ ಬಂತು. ಈ ಮಧ್ಯೆ ಅವರು ಎರಡು ವಾರಕ್ಕೊಮ್ಮೆ, ಹೇಳಲು ಹೊಸದೇನೂ ಇಲ್ಲದಿದ್ದಾಗಲೂ, ನಾಲ್ಕು ಸಾಲು ಬರೆದು ಕಳಿಸುತ್ತಿದ್ದರು.

ಇನ್ನು ದೂರಿನ ಸಂಗತಿ. ಇಷ್ಟೆಲ್ಲ ಶಿಸ್ತಿನಿಂದ ಕೆಲಸ ಮಾಡಿದ ಸಂಸ್ಥೆ ಇನ್‌ವಾಯ್ಸ್‌ನಲ್ಲಿ ಸಾಮಾನಿನ ವಿವರಣೆಯಾಗಿ ‘ರೈಫಲ್ ಭಾಗ’ ಎಂಬ ಎರಡೇ ಪದಗಳನ್ನು ಬರೆದು ಪಾರ್ಸೆಲ್ ಕಳಿಸಿಬಿಟ್ಟಿತು. ಪುಟದ ಕೆಳಗೆ ಅಮೆರಿಕದ ರಫ್ತು ನಿಯಂತ್ರಣದ ಹೇಳಿಕೆ ಇತ್ತು, ಲೈಸೆನ್ಸ್ ಸಂಖ್ಯೆಯೂ ಇತ್ತು. ಆದರೆ ಅದು ಯಾವ ಬಂದೂಕಿನ ಯಾವ ಭಾಗ ಎಂಬುದು ಎಲ್ಲಿಯೂ ಇರಲಿಲ್ಲ. ಕೆನಡಾದಲ್ಲಿ ಕೆಲವು ಭಾಗಗಳು ನಿಷೇಧಿತವಾಗಿರುವುದರಿಂದ ಇಂತಹ ಅಸ್ಪಷ್ಟ ವಿವರಣೆಯನ್ನು ಕಸ್ಟಮ್ಸ್‌ನವರು ಒಪ್ಪದಿರುವುದು ಸರಿಯೇ. ಪಾರ್ಸೆಲ್ ಹನ್ನೊಂದು ದಿನ ತಡೆಯಲ್ಲಿತ್ತು. ರೈಫಲ್‌ನ ಮಾದರಿ, ಕ್ಯಾಲಿಬರ್, ಬ್ಯಾರೆಲ್‌ನ ಉದ್ದ, ತಯಾರಾದ ದೇಶ ಮತ್ತು 9305.20 ಎಂಬ ಸುಂಕ ಶೀರ್ಷಿಕೆ ಇರುವ ಹೊಸ ಇನ್‌ವಾಯ್ಸ್ ಹೋದ ಮೇಲೆ ಅದು ಬಿಡುಗಡೆಯಾಯಿತು. ಸಂಸ್ಥೆ ತನ್ನ ಸೇವಾ ಶುಲ್ಕದ ಅರ್ಧವನ್ನು ನಾನು ಕೇಳದೆಯೇ ಹಿಂದಿರುಗಿಸಿತು. ಆದರೂ ಎರಡು ತಿಂಗಳು ಕಾದವನಿಗೆ, ಐದು ನಿಮಿಷದ ಅಜಾಗರೂಕತೆಯಿಂದ ಮತ್ತೆ ಹನ್ನೊಂದು ದಿನ ಕಾಯಬೇಕಾಗಿ ಬಂದದ್ದು ನೋವಿನ ಸಂಗತಿಯೇ.

ಗಡಿ ಹತ್ತಿರವೇ ಇದೆಯಲ್ಲ, ಕೆನಡಾ ಬದಿಯ ಕೌಟ್ಸ್ ಗೇಟು ದಾಟಿ ಮೊಂಟಾನಾದ ಸ್ವೀಟ್‌ಗ್ರಾಸ್‌ಗೆ ಹೋಗಿ ಕಾರಿನಲ್ಲಿಟ್ಟು ತಂದರೆ ಆಗದೇ ಎಂದು ರೇಂಜಿನಲ್ಲಿ ಇಬ್ಬರು ಗೆಳೆಯರು ನನ್ನನ್ನು ಕೇಳಿದ್ದಾರೆ. ಕೈಯಲ್ಲಿ ಹಿಡಿದು ತಂದರೂ ಅದು ರಫ್ತೇ. ಲೈಸೆನ್ಸ್ ಅಥವಾ ವಿನಾಯಿತಿ ಇಲ್ಲದೆ ತರುವುದು ಅಮೆರಿಕದ ಕಾನೂನಿನ ಪ್ರಕಾರ ಅಪರಾಧ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. 2023ರ ಡಿಸೆಂಬರ್ 15ರಂದು ಅಂಗೀಕಾರ ಪಡೆದ ಸಿ-21 ಕಾನೂನು ಕೆನಡಾದ ಕಡೆಯಲ್ಲಿಯೂ ಬ್ಯಾರೆಲ್‌ಗಳನ್ನು ಪರವಾನಗಿಯ ವ್ಯಾಪ್ತಿಗೆ ತಂದಿದೆ, ಆದ್ದರಿಂದ ಪಿಎಎಲ್ ಇಲ್ಲದವರು ಈ ದಾರಿಯನ್ನು ಯೋಚಿಸಲೇಬಾರದು.

ಖರ್ಚಿನ ವಿಷಯದಲ್ಲಿ, ಸೇವಾ ಶುಲ್ಕ, ಸಾಗಣೆ ಮತ್ತು ಆಲ್ಬರ್ಟಾದ 5 ಶೇಕಡಾ ಜಿಎಸ್‌ಟಿ ಸೇರಿಸಿದರೆ ಟ್ರಿಗರ್‌ನಂಥ ಸಣ್ಣ ಸಾಮಾನನ್ನು ಇಲ್ಲಿನ ಅಂಗಡಿಯಲ್ಲಿಯೇ ಕೊಳ್ಳುವುದು ಲಾಭ. ಇಲ್ಲಿ ಯಾರೂ ತರಿಸದ ಬ್ಯಾರೆಲ್‌ನಂಥ ಭಾಗಕ್ಕೆ ಮಾತ್ರ ಈ ಸೇವೆ ಬೆಲೆಬಾಳುತ್ತದೆ. ಹೊಸ ಬ್ಯಾರೆಲ್ ಕೂರಿಸಿದ ಮೇಲೆ ರೈಫಲ್ ಮತ್ತೆ ಇಂಚಿನೊಳಗೆ ಹೊಡೆಯುತ್ತಿದೆ. ಮುಂದೆ ಬೋಲ್ಟ್ ಬದಲಿಸಬೇಕಾಗಿ ಬಂದರೆ ಅವರಿಗೇ ಬರೆಯುತ್ತೇನೆ. ಆದರೆ ಪಾರ್ಸೆಲ್ ಹೊರಡುವ ಮೊದಲು ಇನ್‌ವಾಯ್ಸ್‌ನ ಕರಡನ್ನು ತರಿಸಿಕೊಂಡು ಸಾಲು ಸಾಲಾಗಿ ಓದುತ್ತೇನೆ.