ತಾನಾಗಿ ಬಿರಿದ ಚಿಪ್ಪು: ಅಲಮೊಗೊರ್ಡೊದ ಪಿಸ್ತಾ ತೋಟ ಮತ್ತು ಅಲ್ಲಿಂದ ತಂದ ಪೊಟ್ಟಣಗಳು

ಪಿಸ್ತಾ ಎಂದಾಗ ನಮ್ಮಲ್ಲಿ ಬಹುತೇಕರಿಗೆ ಮೊದಲು ನೆನಪಾಗುವುದು ಒಂದು ಬಣ್ಣ. ಐಸ್‌ಕ್ರೀಮಿನ ಹಸಿರು, ಬರ್ಫಿಯ ಮೇಲೆ ಉದುರಿಸಿದ ಚೂರುಗಳ ಹಸಿರು, ಮದುವೆಮನೆಯ ಬಾದಾಮಿ ಹಾಲಿನಲ್ಲಿ ತೇಲುವ ಎಳೆಗಳ ಹಸಿರು. ಬಹಳ ವರ್ಷ ನನಗೂ ಪಿಸ್ತಾದ ಪರಿಚಯ ಇದ್ದದ್ದು ಇಷ್ಟೇ. ಅದು ಮರದಲ್ಲಿ ಗೊಂಚಲು ಗೊಂಚಲಾಗಿ ಬಿಡುವ ಹಣ್ಣೊಂದರ ಬೀಜವೆಂಬುದೂ, ಕೊಯ್ಲಾದ ಹೊಸತರಲ್ಲಿ ಅದರ ರುಚಿ ಅಂಗಡಿಯಲ್ಲಿ ತಿಂಗಳುಗಟ್ಟಲೆ ಕೂತ ಕಾಳಿನ ರುಚಿಗಿಂತ ತೀರ ಬೇರೆ ಎಂಬುದೂ ನನಗೆ ಮನವರಿಕೆಯಾದದ್ದು ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಅಲಮೊಗೊರ್ಡೊ ಊರಿನ ಹೊರಗಿರುವ ಮೆಕ್‌ಗಿನ್ ಕುಟುಂಬದ ‘ಪಿಸ್ತಾಶಿಯೋಲ್ಯಾಂಡ್’ ಎಂಬ ತೋಟಕ್ಕೆ ಹೋಗಿಬಂದ ಮೇಲೆ.

ನಾವಿರುವ ಟೆಕ್ಸಸ್ ರಾಜ್ಯದ ಎಲ್ ಪಾಸೊದಿಂದ 54ನೇ ಹೆದ್ದಾರಿಯಲ್ಲಿ ನೇರ ಉತ್ತರಕ್ಕೆ ಸುಮಾರು ಒಂದೂವರೆ ಗಂಟೆಯ ದಾರಿ. ಎರಡೂ ಬದಿಗೆ ಕುರುಚಲು ಗಿಡಗಳ ಮರುಭೂಮಿ, ದೂರದಲ್ಲಿ ಬೋಳು ಬೆಟ್ಟಗಳು. ಊರು ದಾಟಿದ ಮೇಲೆ ಆ ಕಂದು ನೆಲದ ನಡುವೆ ದಟ್ಟ ಹಸಿರಿನ ಮರಗಳ ಸಾಲು ಕಾಣಿಸುತ್ತದೆ. ಅದರ ಮುಂದೆಯೇ 30 ಅಡಿ ಎತ್ತರದ ಪಿಸ್ತಾಕಾಯಿಯ ಪ್ರತಿಮೆ. ತೋಟ ಕಟ್ಟಿದ ತಂದೆಯ ನೆನಪಿಗಾಗಿ ಮಗ ಇದನ್ನು 2008ರಲ್ಲಿ ನಿಲ್ಲಿಸಿದರು. ದಾರಿಹೋಕರು ಕಾರು ನಿಲ್ಲಿಸಿ ಫೋಟೊ ತೆಗೆಸಿಕೊಂಡು ಅಲ್ಲಿಂದಲೇ ಹೊರಟುಬಿಡುವುದನ್ನು ಕಂಡೆ. ಅವರು ಒಳಗೂ ಬರಬೇಕಿತ್ತು ಎನ್ನಿಸಿತು, ಏಕೆಂದರೆ ನೋಡಬೇಕಾದದ್ದೆಲ್ಲ ಇರುವುದು ಒಳಗೆ. 1980ರಲ್ಲಿ ಬರಡು ನೆಲದಲ್ಲಿ ಶುರುವಾದ ಈ ತೋಟ ಇಂದು 111 ಎಕರೆಯಷ್ಟಿದ್ದು, 12,000ಕ್ಕೂ ಹೆಚ್ಚು ಮರಗಳಿವೆ. ಅಮೆರಿಕದ ಪಿಸ್ತಾದಲ್ಲಿ ನೂರಕ್ಕೆ ತೊಂಬತ್ತೊಂಬತ್ತರಷ್ಟು ಕ್ಯಾಲಿಫೋರ್ನಿಯಾದಿಂದಲೇ ಬರುತ್ತದೆ. ಉಳಿದ ಚಿಟಿಕೆಯಷ್ಟರಲ್ಲಿ ಅರಿಜೋನಾದ ಜೊತೆಗೆ ನ್ಯೂ ಮೆಕ್ಸಿಕೋದ ಪಾಲೂ ಸೇರಿದೆ.

ತೋಟದೊಳಗೆ ಮೋಟಾರು ಗಾಡಿಯಲ್ಲಿ ಸುತ್ತು ಹಾಕಿಸುತ್ತಾರೆ. ಅದನ್ನು ದಯವಿಟ್ಟು ತಪ್ಪಿಸಿಕೊಳ್ಳಬೇಡಿ. ಪಿಸ್ತಾದಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಗಂಡಿನಲ್ಲಿ ಕಾಯಿ ಬಿಡುವುದಿಲ್ಲ. ಪರಾಗವನ್ನು ಹೊತ್ತೊಯ್ಯುವುದು ಗಾಳಿ, ಇದರಲ್ಲಿ ಜೇನುನೊಣದ ಪಾತ್ರವಿಲ್ಲ. ಹಾಗಾಗಿ ಸಾಲುಗಳ ನಡುವೆ ಲೆಕ್ಕ ಹಾಕಿ ಗಂಡು ಮರಗಳನ್ನು ನೆಟ್ಟಿರುತ್ತಾರೆ. ನೆಟ್ಟ ಮರ ಮೊದಲ ಫಸಲು ಕೊಡಲು ಐದಾರು ವರ್ಷ ಕಾಯಬೇಕು, ತುಂಬು ಇಳುವರಿಗೆ ಇನ್ನೂ ಎಷ್ಟೋ ವರ್ಷ. ಅಮೆರಿಕದ ತೋಟಗಳಲ್ಲಿ ದಶಕಗಳ ಕಾಲ ಮೆರೆದ ‘ಕೆರ್ಮಾನ್’ ತಳಿಯ ಮೂಲ ಇರಾನ್. ವಿಲಿಯಂ ವೈಟ್‌ಹೌಸ್ ಎಂಬ ಸಸ್ಯವಿಜ್ಞಾನಿ 1929ರಲ್ಲಿ ಅಲ್ಲಿಗೆ ಹೋಗಿ ಬೀಜಗಳನ್ನು ಆಯ್ದು ತಂದರು. ಆ ಬೀಜಗಳಿಂದ ಹುಟ್ಟಿದ ಗಿಡಗಳಲ್ಲಿ ಆರಿಸಿದ ತಳಿಯನ್ನು ರೈತರಿಗೆ ಬಿಡುಗಡೆ ಮಾಡಿದ್ದು 1957ರಲ್ಲಿ. ಬೇಸಿಗೆಯಲ್ಲಿ ಸುಡುವ ಒಣ ಬಿಸಿಲು, ಚಳಿಗಾಲದಲ್ಲಿ ನೂರಾರು ಗಂಟೆಗಳ ಕೊರೆಯುವ ಚಳಿ ಇವೆರಡೂ ಈ ಮರಕ್ಕೆ ಬೇಕು. ನಮ್ಮ ಕರ್ನಾಟಕದಲ್ಲಿ ಇದು ಬೆಳೆಯದಿರುವುದಕ್ಕೆ ಆ ಚಳಿಯ ಕೊರತೆಯೇ ಕಾರಣ.

ಆದರೂ ಅದು ನಮಗೆ ಅಪರಿಚಿತ ಮರವಲ್ಲ ಎಂದು ಕಂಡುಹಿಡಿದವರು ನನ್ನ ಅಮ್ಮ. ಕುಮಟಾದ ಕಡೆ ಗೇರು ಮತ್ತು ಮಾವಿನ ಮರಗಳ ನಡುವೆಯೇ ಅವರ ಬದುಕು ಕಳೆದಿದೆ. ನಾವು ಹೋದದ್ದು ಸೆಪ್ಟೆಂಬರಿನ ಮೊದಲ ವಾರ. ಗೊಂಚಲುಗಳು ಹಸಿರು ಕಳೆದು ಕೆನೆಗೆ ಗುಲಾಬಿ ಕಲಸಿದಂಥ ಬಣ್ಣಕ್ಕೆ ತಿರುಗಿದ್ದವು. ತೋಟ ತೋರಿಸುತ್ತಿದ್ದವರು ಒಂದು ಚಿಕ್ಕ ಗೊಂಚಲನ್ನು ಅಮ್ಮನ ಅಂಗೈಗೆ ಹಾಕಿದರು. ಅಮ್ಮ ಒಂದು ಕಾಯಿಯನ್ನು ಹೆಬ್ಬೆರಳಿನಿಂದ ಒತ್ತಿದಾಗ ಮೆತ್ತನೆಯ ಹೊರಸಿಪ್ಪೆ ಸಲೀಸಾಗಿ ಜಾರಿ ಬಂತು. ಒಳಗೆ ಬಾಯಿ ಬಿಟ್ಟ ಬಿಳಿಯ ಚಿಪ್ಪು, ಅದರ ಸಂದಿಯಲ್ಲಿ ನೇರಳೆ ಪೊರೆ ಹೊದ್ದ ತಿರುಳು. ಅವರು ಬೆರಳನ್ನು ಮೂಗಿಗೆ ಹಿಡಿದು, “ಇದು ಮಾವಿನ ಸೊನೆಯ ವಾಸನೆ ಅಲ್ಲವೇನೇ?” ಎಂದರು. ನಾನೂ ಮೂಸಿದೆ. ಹೌದು, ತೊಟ್ಟು ಮುರಿದ ಮಾವಿನಕಾಯಿಯದೇ ಘಾಟು. ಮಾವು, ಗೇರು, ಪಿಸ್ತಾ ಮೂರೂ ಸಸ್ಯಶಾಸ್ತ್ರದ ಪ್ರಕಾರ ಒಂದೇ ಕುಟುಂಬಕ್ಕೆ ಸೇರಿದವು. ಮಾವಿನಂತೆಯೇ ಇದೂ ಒಂದು ವರ್ಷ ತುಂಬಾ ಬಿಟ್ಟು ಮರುವರ್ಷ ಕೈ ಬಿಗಿಹಿಡಿಯುತ್ತದೆ. ಅಮ್ಮ ಆ ಸಿಪ್ಪೆಯನ್ನು ಕರವಸ್ತ್ರದಲ್ಲಿ ಕಟ್ಟಿಟ್ಟುಕೊಂಡು ದಾರಿಯುದ್ದಕ್ಕೂ ಮೂಸುತ್ತಿದ್ದರು.

ಪಿಸ್ತಾದ ಚಿಪ್ಪನ್ನು ಯಂತ್ರದಿಂದ ಒಡೆಯುತ್ತಾರೆಂದು ತಿಳಿದವರು ಬಹಳ. ಆದರೆ ತಿರುಳು ಬಲಿಯುತ್ತಾ ಬಂದಂತೆ ಮರದ ಮೇಲೆಯೇ ಚಿಪ್ಪು ತಾನಾಗಿ ಬಿರಿಯುತ್ತದೆ. ಪರ್ಷಿಯನ್ ಭಾಷೆಯವರು ಇದನ್ನು ‘ನಗುವ ಪಿಸ್ತಾ’ ಎನ್ನುತ್ತಾರೆ. ಬಾಯಿ ಬಿಟ್ಟ ಕಾಯಿ ಮಣ್ಣಿಗೆ ಬೀಳಬಾರದೆಂದು, ಯಂತ್ರ ಕಾಂಡವನ್ನು ಹಿಡಿದು ಕೆಲವೇ ಸೆಕೆಂಡು ಅಲುಗಿಸುವಾಗ ಕೆಳಗೆ ಇಳಿಜಾರು ಹಾಸು ಹಿಡಿದು ಎಲ್ಲವನ್ನೂ ಸಂಗ್ರಹಿಸುವುದು ಈ ಬೆಳೆಯ ಪದ್ಧತಿ. ಆಮೇಲೆ ನಡೆಯುವುದೆಲ್ಲ ಗಡಿಯಾರದೊಡನೆ ಓಟ. ಒಂದು ದಿನದೊಳಗೆ ಹೊರಸಿಪ್ಪೆ ತೆಗೆದು ಒಣಗಿಸದಿದ್ದರೆ ಚಿಪ್ಪಿಗೆ ಕಲೆ ಹತ್ತುತ್ತದೆ. ಹಿಂದೆ ಹೊರದೇಶಗಳಿಂದ ಅಮೆರಿಕಕ್ಕೆ ಬರುತ್ತಿದ್ದ ಪಿಸ್ತಾಕ್ಕೆ ಕೆಂಪು ಬಣ್ಣ ಬಳಿಯುತ್ತಿದ್ದುದಕ್ಕೆ ಈ ಕಲೆಯನ್ನು ಮರೆಮಾಡುವುದೇ ಮುಖ್ಯ ಕಾರಣ. ಸಿಪ್ಪೆ ತೆಗೆದ ಕಾಯಿಗಳನ್ನು ನೀರಿಗೆ ಹಾಕಿದರೆ ಜೊಳ್ಳು ತೇಲುತ್ತದೆ, ಗಟ್ಟಿ ಮುಳುಗುತ್ತದೆ. ಬಿತ್ತನೆ ಬತ್ತವನ್ನು ಉಪ್ಪುನೀರಿನಲ್ಲಿ ಆರಿಸುವ ನಮ್ಮ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನು ಅಂಗಡಿ. ಬೆಳೆದವರೇ ಹುರಿದು ಮಾರುವ ಜಾಗವಾದ್ದರಿಂದ ಕೊಳ್ಳುವ ಮೊದಲು ರುಚಿ ನೋಡಲು ಪುಕ್ಕಟೆಯಾಗಿ ಕೊಡುತ್ತಾರೆ, ಯಾರೂ ಅವಸರ ಮಾಡುವುದಿಲ್ಲ. ಉಪ್ಪಿನದು, ಬೆಳ್ಳುಳ್ಳಿಯದು, ಹಸಿ ಮತ್ತು ಕೆಂಪು ಮೆಣಸಿನಕಾಯಿಯವು, ನಿಂಬೆಯದು ಹೀಗೆ ಬಗೆಬಗೆಯವು ಸಾಲಾಗಿ ಇರುತ್ತವೆ. ನ್ಯೂ ಮೆಕ್ಸಿಕೋದಲ್ಲಿ ಊಟಕ್ಕೆ ಕುಳಿತವರನ್ನು “ಕೆಂಪೋ ಹಸಿರೋ?” ಎಂದು ಕೇಳುವುದು ರೂಢಿ, ಅದು ಆ ರಾಜ್ಯದ ಅಧಿಕೃತ ಪ್ರಶ್ನೆಯೇ ಆಗಿದೆ. ಕೇಳುವುದು ಮೆಣಸಿನಕಾಯಿಯ ಬಗ್ಗೆ. ನಾನು ಹಸಿರು ಎನ್ನುತ್ತೇನೆ. ಆ ಬಗೆಯ ಪಿಸ್ತಾದಲ್ಲಿ ಖಾರ ಮೊದಲು ನಾಲಿಗೆಯ ತುದಿಗೆ ತಾಗಿ, ಜಗಿಯುತ್ತಾ ಹೋದಂತೆ ತಿರುಳಿನ ಸಿಹಿಗೆ ದಾರಿ ಬಿಡುತ್ತದೆ. ಮಳೆಗಾಲದ ಸಂಜೆ ಚಹದ ಜೊತೆ ಇದಕ್ಕಿಂತ ಒಳ್ಳೆಯದನ್ನು ನಾನು ತಿಂದಿಲ್ಲ.

ಹಾಗಿದ್ದರೂ ಒಂದೇ ಪೊಟ್ಟಣ ಕೊಳ್ಳುವವರಿಗೆ ನನ್ನ ಸಲಹೆ, ಬರಿಯ ಉಪ್ಪು ಹಾಕಿ ಹುರಿದ, ಚಿಪ್ಪಿರುವ ಪಿಸ್ತಾ. ಮಸಾಲೆ ಯಾವುದೇ ಇರಲಿ, ಅದರ ಬಹುಪಾಲು ಕೂರುವುದು ಚಿಪ್ಪಿನ ಮೇಲೆ; ಕಾಳಿನ ನಿಜವಾದ ರುಚಿ ಕಾಣುವುದು ಉಪ್ಪಿನದರಲ್ಲೇ. ಮನೆಗೆ ಬಂದ ರಾತ್ರಿ ಒಂದು ಬಟ್ಟಲನ್ನು ಮೇಜಿನ ಮೇಲಿಟ್ಟುಕೊಂಡು ನೋಡಿದೆ. ಚಿಪ್ಪು ದಂತದ ಬಣ್ಣದ್ದು, ಒಂದರಲ್ಲೂ ಕಲೆಯಿಲ್ಲ. ಬಿರುಕು ಅಗಲವಾಗಿದ್ದುದರಿಂದ ಉಗುರಿಗೆ ಕೆಲಸವೇ ಇರಲಿಲ್ಲ. ಕಾಳು ಹಲ್ಲಿಗೆ ಸಿಕ್ಕಾಗ ‘ಕಟ್’ ಎಂದು ತುಂಡಾಗುತ್ತಿತ್ತು, ಮೆತ್ತಗೆ ಜಜ್ಜಿಹೋಗುತ್ತಿರಲಿಲ್ಲ. ಕೊನೆಯಲ್ಲಿ ಹಾಲಿನ ಕೆನೆಯಂಥ ಒಂದು ಜಿಡ್ಡು, ತೀರ ತೆಳುವಾದ ಗಿಡಮರದ ಕಂಪು. ಅಂಗಡಿಯ ಐಸ್‌ಕ್ರೀಮಿನಲ್ಲಿ ‘ಪಿಸ್ತಾ’ ಎಂದು ನಾವು ಗುರುತಿಸುವ ಪರಿಮಳ ಎಷ್ಟೋ ಸಲ ಬಾದಾಮಿಯ ಸಾರದ್ದು. ಈ ತೋಟದಲ್ಲೇ ಪಿಸ್ತಾ ಐಸ್‌ಕ್ರೀಂ ಕೂಡ ಸಿಗುತ್ತದೆ, ಮಕ್ಕಳಿಗೆ ಅದೇ ದೊಡ್ಡ ಆಕರ್ಷಣೆ. ಸಕ್ಕರೆ ಪಾಕದಲ್ಲಿ ಕಾಳು ಹಾಕಿ ಹಾಳೆಯಂತೆ ಹರಡಿ ಮಾಡಿದ ಗರಿಗರಿ ಮಿಠಾಯಿ ನಮ್ಮ ಕಡಲೆಬೀಜದ ಚಿಕ್ಕಿಯ ಹತ್ತಿರದ ಬಂಧು. ಅಮ್ಮನಿಗೆ ಎಲ್ಲಕ್ಕಿಂತ ಹಿಡಿಸಿದ್ದು ಅದು. ವೈನ್ ಕೂಡ ಮಾರುತ್ತಾರೆ, ನಾನು ಕುಡಿಯುವವಳಲ್ಲ.

ಉಪ್ಪಿಲ್ಲದ, ಚಿಪ್ಪು ಬಿಡಿಸಿದ ಕಾಳನ್ನು ಅಮ್ಮ ಬರ್ಫಿಗೆಂದು ತೆಗೆಸಿದ್ದರು. ಕುದಿನೀರಿನಲ್ಲಿ ಎರಡು ನಿಮಿಷ ಬಿಟ್ಟು, ಬಟ್ಟೆಯಲ್ಲಿ ಉಜ್ಜಿ ಪೊರೆ ತೆಗೆದು, ನೆರಳಿನಲ್ಲಿ ಆರಿಸಿ ಪುಡಿ ಮಾಡಿದರು. ಒಂದೆಳೆ ಪಾಕಕ್ಕೆ ಹಾಕಿ ಕೈಬಿಡದೆ ಮಗುಚಿದಾಗ ಬಂದ ಬಣ್ಣ ಹಣ್ಣಾಗಲಿರುವ ಬಾಳೆಕಾಯಿಯದು, ಹಳದಿ ಬೆರೆತ ತಿಳಿಹಸಿರು. ಬಂದ ನೆಂಟರು ಇದು ಪಿಸ್ತಾ ಬರ್ಫಿಯೇ ಎಂದು ಅನುಮಾನಪಟ್ಟು, ತಿಂದ ಮೇಲೆ ಸುಮ್ಮನಾದರು. ಕಡುಹಸಿರು ಕಾಳೂ ಇಲ್ಲವೆಂದಲ್ಲ. ಸಿಸಿಲಿಯ ಎಟ್ನಾ ಜ್ವಾಲಾಮುಖಿಯ ಇಳಿಜಾರಿನಲ್ಲಿರುವ ಬ್ರೊಂಟೆಯ ಪಿಸ್ತಾ ಸಹಜವಾಗಿಯೇ ಪಚ್ಚೆಯಂತಿರುತ್ತದೆ, ಅದನ್ನು ಎರಡು ವರ್ಷಕ್ಕೊಮ್ಮೆ ಕೊಯ್ಯುತ್ತಾರೆ, ಬೆಲೆಯೂ ಹಾಗೆಯೇ ದುಬಾರಿ. ಅಗ್ಗದ ಮಿಠಾಯಿಯ ಮೇಲೆ ಗಿಳಿಹಸಿರು ಕಂಡರೆ ಅದನ್ನು ಬ್ರೊಂಟೆಯದೆಂದು ನಂಬಲು ಕಾರಣವಿಲ್ಲ.

ಇದನ್ನು ನೋವಿನಿಂದಲೇ ಬರೆಯುತ್ತಿದ್ದೇನೆ. ಹಿಂದಿನ ವರ್ಷ ಬೆಂಗಳೂರಿನ ಒಂದು ಅಂಗಡಿಯಲ್ಲಿ ಮಗಳ ಹುಟ್ಟುಹಬ್ಬಕ್ಕೆಂದು ಪಿಸ್ತಾ ಚೂರು ಕೊಂಡಿದ್ದೆ. ಪಾಯಸಕ್ಕೆ ಹಾಕುವ ಮೊದಲು ಬಿಸಿ ಹಾಲಿನಲ್ಲಿ ನೆನೆಸಿದಾಗ ಹಾಲೆಲ್ಲ ಹಸಿರಾಗಿ, ಚೂರುಗಳು ಬೆಳ್ಳಗಾಗಿ ಕಡಲೆಬೀಜದ ರುಚಿ ಬಿಟ್ಟವು. ಕಡಲೆಬೀಜಕ್ಕೆ ಬಣ್ಣ ಹಾಕಿ ಪಿಸ್ತಾ ಎಂದು ಮಾರುವುದು ನಮ್ಮ ದೇಶದಲ್ಲಿ ಗೊತ್ತಿರುವ ಕಲಬೆರಕೆ. ಅಂದಿನಿಂದ ನಾನು ಎಲ್ಲೇ ಕೊಂಡರೂ ಚಿಪ್ಪಿರುವ ಕಾಳನ್ನೇ ಕೊಳ್ಳುತ್ತೇನೆ. ಚಿಪ್ಪಿನೊಳಗೆ ಕಡಲೆಬೀಜವನ್ನು ಯಾರೂ ಕೂರಿಸಲಾರರು.

ಹೋಗುವವರಿಗೆ ಕೆಲವು ಮಾತು. ಗೇರುಬೀಜ ಒಗ್ಗದವರಿಗೆ ಪಿಸ್ತಾವೂ ಒಗ್ಗದಿರುವ ಸಂಭವ ಹೆಚ್ಚು. ಅಂಥ ಮಕ್ಕಳಿದ್ದರೆ ರುಚಿ ನೋಡುವ ಸಾಲಿನ ಬಳಿ ಎಚ್ಚರವಿರಲಿ. ಸಸ್ಯಾಹಾರಿಗಳು, ಬೆಳ್ಳುಳ್ಳಿ ತಿನ್ನದವರು ಮಸಾಲೆ ಬಗೆಗಳ ಚೀಟಿ ಓದಿಯೇ ಕೊಳ್ಳಬೇಕು, ಏಕೆಂದರೆ ಬೇಕನ್ (ಹಂದಿಮಾಂಸ) ಹೆಸರಿನದೂ ಆ ಸಾಲಿನಲ್ಲಿದೆ. ಮರಗಳಲ್ಲಿ ಬಣ್ಣ ತಿರುಗಿದ ಗೊಂಚಲು ನೋಡಬೇಕೆಂದರೆ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಸರಿಯಾದ ಕಾಲ. ಚಳಿಗಾಲದಲ್ಲಿ ಬೋಳು ಕೊಂಬೆಗಳಷ್ಟೇ. ಬಿಳಿ ಮರಳ ದಿಬ್ಬಗಳ ವೈಟ್ ಸ್ಯಾಂಡ್ಸ್ ರಾಷ್ಟ್ರೀಯ ಉದ್ಯಾನವೂ ಅಲಮೊಗೊರ್ಡೊಗೆ ಹತ್ತಿರದಲ್ಲೇ ಇರುವುದರಿಂದ ಎರಡನ್ನೂ ಒಂದೇ ದಿನ ನೋಡಬಹುದು.

ಕುಮಟಾಕ್ಕೆ ಅಮ್ಮ ಕೊಂಡೊಯ್ದ ಪೊಟ್ಟಣ ಜೂನಿನ ಮಳೆಗೆ ಮೆತ್ತಗಾಗಿತ್ತಂತೆ. ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಐದಾರು ನಿಮಿಷ ಬೆಚ್ಚಗೆ ಮಾಡಿ, ಪೂರ್ತಿ ಆರಿದ ಮೇಲೆ ಗಾಳಿಯಾಡದ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟ ಮೇಲೆ ಮತ್ತೆ ‘ಕಟ್’ ಎನ್ನುತ್ತಿದೆ ಎಂದು ಫೋನಿನಲ್ಲಿ ಹೇಳಿದರು. ಮುಂದಿನ ಸಲ ಬರುವಾಗ ಉಪ್ಪಿನದು ಎರಡು, ಚಿಕ್ಕಿಯಂಥದ್ದು ಒಂದು ತರಬೇಕೆಂದು ಪಟ್ಟಿಯನ್ನೂ ಕೊಟ್ಟಿದ್ದಾರೆ.