ಮನಾಲಿಯ ಒಂದು ಕಂಪನಿ, ಎರಡು ಪ್ಯಾಕೇಜು: ಹಂಪ್ತಾ ನಡಿಗೆ ಧಾರಾಳ ತಗೊಳ್ಳಿ, ಲೇಹ್ ಬೈಕ್ ಮಾತ್ರ ಬೇಡ

ಕಂಪನಿಯ ಹೆಸರು ಹಾಕುದಿಲ್ಲ, ಫೋನ್ ಮಾಡಿ ಕೇಳಿದ್ರೂ ಹೇಳುದಿಲ್ಲ. ಮನಾಲಿಯಲ್ಲಿ ಇದೇ ಪ್ಯಾಕೇಜು ಮಾರುವವರು ಬೇಕಾದಷ್ಟು ಜನ ಇದ್ದಾರೆ, ಒಬ್ಬರ ಪ್ಲಾನನ್ನು ಇನ್ನೊಬ್ಬರು ಕಾಪಿ ಹೊಡೆದದ್ದು, ಹಾಗಾಗಿ ನಾನು ಹೇಳುವುದು ಸುಮಾರು ಜನಕ್ಕೆ ಅನ್ವಯ ಆಗ್ತದೆ. ನಾವು ತಗೊಂಡದ್ದು ಅವರ ಕಾಂಬೋ. ಮೊದಲು ಹಂಪ್ತಾ ಪಾಸ್, ಅಂದ್ರೆ ಬೆಟ್ಟದ ಸಾಲು ದಾಟುವ ಎತ್ತರದ ಕಣಿವೆದಾರಿ, ನಡೆದು ದಾಟುದು, ಮನಾಲಿಗೆ ವಾಪಸ್ ಬಂದು ಅಲ್ಲಿಂದ ಬೈಕಲ್ಲಿ ಲೇಹ್. ಒಂದೇ ಆಫೀಸು, ಒಂದೇ ಬಿಲ್ಲು, ಆದ್ರೆ ಎರಡು ಭಾಗ ನೋಡಿದ್ರೆ ಒಂದೇ ಕಂಪನಿ ಅಂತ ನಂಬ್ಲಿಕ್ಕೇ ಆಗುದಿಲ್ಲ ಮಾರಾಯ್ರೆ. ನಡಿಗೆಗೆ ಐದರಲ್ಲಿ ನಾಲ್ಕೂವರೆ. ಬೈಕಿಗೆ ಎರಡು, ಅದೂ ಅವರ ಮೆಕ್ಯಾನಿಕ್ ಹುಡುಗನ ಮುಖ ನೋಡಿ.

ನಾವು ಅಂದ್ರೆ ನಾನು ಮತ್ತೆ ಬದಿಯಡ್ಕದ ನನ್ನ ಬಾವ, ನಡಿಗೆಗೂ ಬೈಕಿಗೂ ಇದ್ದವರು. ಉಪ್ಪಳದ ಇಬ್ಬರು ಹುಡುಗರು ನಡೀಲಿಕ್ಕೆಲ್ಲ ಯಾರಿಗೆ ಪುರುಸೊತ್ತು ಅಂತ ಸೀದಾ ಬೈಕಿಗೆ ಬಂದು ಸೇರಿದವರು, ಇದು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗ್ತದೆ. ನಮ್ಮದೇ ಬೈಕನ್ನು ರೈಲಲ್ಲಿ ಪಾರ್ಸೆಲ್ ಹಾಕುವ ಯೋಚನೆ ಇತ್ತು, ಟ್ಯಾಂಕಿಂದ ಪೆಟ್ರೋಲ್ ಪೂರ್ತಿ ತೆಗೀಬೇಕು, ಗೋಣಿ ಸುತ್ತಿ ಪ್ಯಾಕ್ ಮಾಡ್ಬೇಕು, ಅಲ್ಲಿ ಇಳಿಸುವಾಗ ಇಂಡಿಕೇಟರ್ ಉಳಿದ್ರೆ ಪುಣ್ಯ, ಬೇಡಪ್ಪ ಅಂತ ಬಿಟ್ಟು ನಾವಿಬ್ಬರೂ ಕಾಸರಗೋಡಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿ ನಿಜಾಮುದ್ದೀನಲ್ಲಿ ಇಳಿದು ರಾತ್ರಿ ಬಸ್ಸಲ್ಲಿ ಮನಾಲಿಗೆ ಹೋದೆವು. ಆಫೀಸಲ್ಲಿ ಆಧಾರ್ ನೋಡಿ ಕೇರಳದವರು ಅಂತ ಅವರಲ್ಲಿದ್ದ ಮಲಯಾಳಿ ಹುಡುಗನನ್ನು ಕರೆಸಿದ್ರು, ನಾವು ನಮ್ಮೊಳಗೆ ಕನ್ನಡ ಮಾತಾಡುದು ಕೇಳಿ ಅವ ಕನ್ಫ್ಯೂಸ್. ಕಾಸರಗೋಡಿನವರಿಗೆ ಇದು ದಿನಾ ಇದ್ದದ್ದೇ, ಬಿಡಿ.

ಮೊದಲು ನಡಿಗೆ. ಹಂಪ್ತಾ ಪಾಸ್ ಸುಮಾರು 4,270 ಮೀಟರ್. ಜೋಬ್ರಾದ ವರೆಗೆ ಗಾಡಿ, ಅಲ್ಲಿಂದ ಚಿಕಾ, ಆಮೇಲೆ ಬಾಲು ಕಾ ಘೇರಾ, ಪಾಸ್ ದಾಟಿ ಶಿಯಾಗೋರು, ಕೊನೆಗೆ ಛತ್ರು. ದಾರಿ ಎಲ್ಲರದ್ದೂ ಇದೇ. ಇವರ ಹೆಚ್ಚುಗಾರಿಕೆ ಎಂತ ಅಂದ್ರೆ ಗೈಡ್. ಮಾತು ಕಮ್ಮಿ, ಐವತ್ತರ ಮೇಲಿನ ಮನುಷ್ಯ, ಬೆಳಿಗ್ಗೆ ಒಂದು ಸರ್ತಿ ಸಂಜೆ ಒಂದು ಸರ್ತಿ ಎಲ್ಲರ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ಆಕ್ಸಿಜನ್ನು ನಾಡಿ ಎರಡೂ ಒಂದು ಪುಸ್ತಕದಲ್ಲಿ ಬರ್ಕೊಳ್ತಿದ್ರು, ನಂಬರ್ ಎಷ್ಟು ಅನ್ನುದಕ್ಕಿಂತ ನಿನ್ನೆಗಿಂತ ಎಷ್ಟು ಇಳಿದಿದೆ ಅಂತ ನೋಡುವವರು. ಊಟ ಬಿಟ್ಟವರನ್ನು ಪಕ್ಕಕ್ಕೆ ಕರೆದು ತಲೆನೋವು ಉಂಟಾ, ವಾಕರಿಕೆ ಉಂಟಾ, ನಿದ್ದೆ ಬಂತಾ ಅಂತ ಕೇಳ್ತಿದ್ರು. ಒಂದು ಸಂಜೆ ಬೆಂಗಳೂರಿನ ಒಬ್ಬರು ಸ್ವಲ್ಪ ವಾಲಿದ ಹಾಗೆ ಕಂಡಾಗ ನೆಲದಲ್ಲಿ ಗೀಟು ಎಳೆದು, ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗಿಸಿ ನಡೀರಿ ಅಂತ ಹೇಳಿದ್ರು. ತಾಗಿಸಿ ನೆಟ್ಟಗೆ ನಡೀಲಿಕ್ಕೆ ಆಗದಿದ್ರೆ ಮಿದುಳಿಗೆ ಬಾವು ಬರ್ತಾ ಉಂಟು ಅಂತ ಅನುಮಾನಿಸಬೇಕಂತೆ, ಆಗ ಬೆಳಗಾಗ್ಲಿ ಅಂತ ಕಾಯ್ಲಿಕ್ಕಿಲ್ಲ, ರಾತ್ರಿಯಾದ್ರೂ ಕೆಳಗಿಳಿಸಬೇಕು. ಅವರು ನಡೆದ್ರು, ಪಾಸಾದ್ರು, ಆದ್ರೂ ಮರುದಿನ ಅವರ ಬ್ಯಾಗನ್ನು ಕುದುರೆಗೆ ಹಾಕಿ ಅವರ ಹಿಂದೆಯೇ ಒಬ್ಬನನ್ನು ಕಳಿಸಿದ್ರು. ದುಡ್ಡು ಕೊಟ್ಟದ್ದು ಸಾರ್ಥಕ ಅನ್ನಿಸಿದ್ದು ಅಲ್ಲಿ. ಟೆಂಟು, ಸ್ಲೀಪಿಂಗ್ ಬ್ಯಾಗು ಎಲ್ಲರೂ ಕೊಡ್ತಾರೆ.

ಸಮುದ್ರದ ಬದಿಯಲ್ಲಿ ಇರುವ ನಮಗೆ ಒಂದು ತಪ್ಪು ಧೈರ್ಯ ಉಂಟು, ರಾಣಿಪುರಂ ಹತ್ತಿದ್ದೇವೆ, ಪೊಸಡಿ ಗುಂಪೆ ಓಡ್ಕೊಂಡು ಹತ್ತಿದ್ದೇವೆ, ಮತ್ತೆಂತ ಅಂತ. ಕಾಲಿಗೆ ಅದು ಒಳ್ಳೇದೇ, ಚಡವು ಹತ್ತುವಾಗ ಗೊತ್ತಾಗ್ತದೆ. ಆದ್ರೆ ಎತ್ತರದ ಕಾಯಿಲೆ ಗಟ್ಟಿ ಕಾಲು ಉಂಟಾ ಅಂತ ನೋಡಿ ಬರುದಲ್ಲ. 5,000 ಮೀಟರಲ್ಲಿ ಒಂದು ಉಸಿರಿಗೆ ಸಿಗುವ ಆಕ್ಸಿಜನ್ ಇಲ್ಲಿಯ ಸುಮಾರು ಅರ್ಧ, ಅದಕ್ಕೆ ಹೊಂದಿಕೊಳ್ಳಿಕ್ಕೆ ದೇಹಕ್ಕೆ ದಿನಗಳೇ ಬೇಕು, ಜಿಮ್ಮಿಗೆ ಹೋದವನಿಗೂ ಅಷ್ಟೇ ಹೋಗದವನಿಗೂ ಅಷ್ಟೇ. ಅದಕ್ಕೇ ಡಾಕ್ಟರುಗಳು ಹೇಳುವ ಲೆಕ್ಕ, 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬೇಡಿ, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಸುಮ್ಮನೆ ಕೂತ್ಕೊಳ್ಳಿ ಅಂತ. ಹಗಲು ಎಷ್ಟು ಬೇಕಾದ್ರೂ ಹತ್ತಿ ಇಳೀಬಹುದು, ರಾತ್ರಿ ಎಲ್ಲಿ ಮಲಗ್ತೀರಿ ಅನ್ನುದು ಮುಖ್ಯ. ನಡೆಯುವಾಗ ಈ ಲೆಕ್ಕ ತೀರಾ ತಪ್ಪುದಿಲ್ಲ, ಯಾಕಂದ್ರೆ ಬೇಗ ಹತ್ತುವ ಅಂದ್ರೂ ಕಾಲು ಬಿಡುದಿಲ್ಲ. ಬೈಕಿಗೆ ಆ ತಡೆ ಇಲ್ಲ. ಆಕ್ಸಿಲರೇಟರ್ ತಿರುಗಿಸಿದ್ರೆ ಎರಡು ಸಾವಿರ ಮೀಟರ್ ಒಂದು ಮಧ್ಯಾಹ್ನದಲ್ಲಿ ಮೇಲೆ. ಕಂಪನಿಯವರು ಬೇಕಂತ ನಿಧಾನ ಮಾಡದಿದ್ರೆ ಬೇರೆ ಯಾರೂ ಮಾಡುದಿಲ್ಲ, ನನ್ನ ತಕರಾರು ಪೂರ್ತಿ ಇದೇ.

ಪಾಸ್ ದಾಟುವ ದಿವಸ ಇಂದ್ರಾಸನ್ ಶಿಖರ ಪೂರ್ತಿ ಬಿಚ್ಚಿಕೊಂಡಿತ್ತು, 6,221 ಮೀಟರ್, ಫೋಟೋದಲ್ಲಿ ಅದರ ಕಾಲಂಶ ಕೂಡ ಬರುದಿಲ್ಲ. ಹಂಪ್ತಾದ ಮಜಾ ಇರುದು ಆಚೆ ಬದಿಯಲ್ಲಿ. ಕುಲ್ಲು ಕಡೆಯಿಂದ ಹತ್ತುವಾಗ ಹಸಿರು, ಹೂ, ಕುರಿಮಂದೆ, ಕೆಸರು. ನೆತ್ತಿ ದಾಟಿ ಇಳಿದ್ರೆ ಲಾಹೌಲ್, ಬರೀ ಬೋಳು ಕಲ್ಲು. ಮುಂಗಾರಿನ ಮೋಡ ಪೀರ್ ಪಂಜಾಲ್ ಸಾಲಿಗೆ ಹೊಡೆದು ಈಚೆಯೇ ಸುರಿದು ಮುಗೀತದೆ, ಆಚೆ ಹೋಗುದು ಅಲ್ಪಸ್ವಲ್ಪ. ವರ್ಷಕ್ಕೆ 3,000 ಮಿಲಿಮೀಟರ್ ಮೇಲೆ ಮಳೆ ತಿನ್ನುವ ಊರಿನಿಂದ ಬಂದ ಬಾವ ಅಲ್ಲಿ ನಿಂತು ನೋಡಿ, ಇಲ್ಲಿಯವರು ಅಡಿಕೆಗೆ ಮದ್ದು ಬಿಡುವ ತಲೆಬಿಸಿ ಇಲ್ಲದವರು ಅಂತ ಹೇಳಿದ. ಮಳೆ ಅಂದಾಗ ನೆನಪಾಯ್ತು, ನಮ್ಮ ಮಳೆಯಲ್ಲಿ ನೆನೆದ್ರೆ ನೆಗಡಿ, ಅಲ್ಲಿ ಹತ್ತಿಯ ಬಟ್ಟೆ ಒದ್ದೆಯಾಗಿ ಗಾಳಿ ಬೀಸಿದ್ರೆ ಮೈಯ ಬಿಸಿಯೇ ಇಳಿದುಹೋಗಿ ಜೀವಕ್ಕೆ ಬರ್ತದೆ. ಇವರು ಬಾಡಿಗೆಗೆ ಕೊಡುವ ಪೊಂಚೊ ಉಪಯೋಗ ಇಲ್ಲ, ಹೊಲಿಗೆಯಲ್ಲೇ ನೀರು ಒಳಗೆ. ಅರ್ಧ ಸ್ಟಾರ್ ಹೋದದ್ದು ಅದಕ್ಕೆ. ಊಟ ರಾಜ್ಮಾ, ದಾಲ್, ರೊಟ್ಟಿ, ರಾತ್ರಿ ಖಿಚಡಿ, ಬಿಸಿ ಬಿಸಿ. ಕುಚ್ಚಿಲಕ್ಕಿ ಗಂಜಿ ಬೇಕು ಅನ್ನುವವರು ಉಪ್ಪಿನಕಾಯಿಯಾದ್ರೂ ತಗೊಂಡು ಹೋಗಿ.

ಇನ್ನು ಬೈಕ್. ಕೊಟ್ಟದ್ದು ಹಳೆ ಹಿಮಾಲಯನ್, 411 ಸಿಸಿಯದ್ದು. ಬೈಕ್ ಅಂತ ನೋಡಿದ್ರೆ ಈ ರೋಡಿಗೆ ಸರಿಯಾದ್ದು, 24 ಬಿಎಚ್‌ಪಿ ಆದ್ರೂ ಕೆಳಗಿನ ಗೇರಲ್ಲಿ ಎಳೆತ ಒಳ್ಳೇದುಂಟು, ಟ್ಯಾಂಕ್ 15 ಲೀಟರ್. ಎತ್ತರ ಹೋದ ಹಾಗೆ ಇಂಜಿನ್ನಿಗೂ ಉಸಿರು ಕಮ್ಮಿ ಆಗ್ತದೆ, ಕಾರ್ಬುರೇಟರ್ ಬೈಕಾದ್ರೆ ಗಾಳಿ ಕಮ್ಮಿ ಪೆಟ್ರೋಲ್ ಜಾಸ್ತಿ ಆಗಿ ಕಪ್ಪು ಹೊಗೆ ಬಿಡ್ತದೆ, ಇದರದ್ದು ಫ್ಯೂಯೆಲ್ ಇಂಜೆಕ್ಷನ್, ಮಿಕ್ಸ್ಚರ್ ಅದೇ ಸರಿ ಮಾಡ್ಕೊಳ್ತದೆ. ಆದ್ರೆ ನನಗೆ ಕೊಟ್ಟದ್ದರ ಹಿಂದಿನ ಬ್ರೇಕ್ ಪ್ಯಾಡ್ ತೀರಿತ್ತು, ಬಾವನದ್ದರ ಮುಂದಿನ ಟಯರ್ ನುಣ್ಣಗೆ. ಹೇಳಿದ ಮೇಲೆ ಮೆಕ್ಯಾನಿಕ್ ಹುಡುಗ ಅರ್ಧ ಗಂಟೆಯಲ್ಲಿ ಎರಡೂ ಬದಲಿಸಿದ. ಹೇಳದಿದ್ರೆ?

ಅಟಲ್ ಟನಲ್ 9 ಕಿಲೋಮೀಟರ್, 2020ರ ಅಕ್ಟೋಬರಲ್ಲಿ ಓಪನ್ ಆದದ್ದು, ರೋಹ್ತಾಂಗ್ ಪಾಸ್ ಹತ್ತಿ ಇಳಿಯುವ ಕೆಲಸ ತಪ್ಪಿಸಿ 46 ಕಿಲೋಮೀಟರ್ ಉಳಿಸ್ತದೆ. ಎಲ್ಲರೂ ಹೊಗಳ್ತಾರೆ, ನಾನೂ. ಇನ್ನೂ ಬೇಗ ಇನ್ನೂ ಎತ್ತರ ಮುಟ್ಟಿಸುದೂ ಅದೇ ಟನಲ್ಲು. ಇವರ ಪ್ಲಾನಲ್ಲಿ ಮೊದಲ ದಿನ ಮನಾಲಿಯಿಂದ ಸೀದಾ ಸರ್ಚು. ಮನಾಲಿ 2,050 ಮೀಟರ್, ಸರ್ಚು 4,290 ಮೀಟರಿನ ಹತ್ತಿರ. ಮೇಲೆ ಹೇಳಿದ 500ರ ಲೆಕ್ಕ ಹಾಕಿ ನೋಡಿ. ಅದಕ್ಕಿಂತ ದೊಡ್ಡ ತಾಪತ್ರಯ ಸರ್ಚು ಇರುವ ಜಾಗ. ಈಚೆ 4,890 ಮೀಟರಿನ ಬಾರಾಲಾಚಾ ಲಾ (ಲಾ ಅಂದ್ರೆ ಪಾಸೇ), ಆಚೆ ನಕೀ ಲಾ, ಲಾಚುಂಗ್ ಲಾ, ಆಮೇಲೆ 5,328 ಮೀಟರಿನ ತಂಗ್ಲಾಂಗ್ ಲಾ. ರಾತ್ರಿ ಯಾರಿಗಾದ್ರೂ ಹುಷಾರು ತಪ್ಪಿದ್ರೆ ಮದ್ದು ಒಂದೇ, ಕೆಳಗಿಳಿಸುದು. ಸರ್ಚುವಿಂದ ಕೆಳಗೆ ಹೋಗ್ಲಿಕ್ಕೆ ಯಾವ ಕಡೆ ಹೋದ್ರೂ ಮೊದಲು ಮೇಲೆ ಹತ್ತಬೇಕು. ಬಾಲು ಕಾ ಘೇರಾದಲ್ಲಾದ್ರೆ ಟಾರ್ಚ್ ಹಿಡಿದು ಬಂದ ದಾರಿಯಲ್ಲೇ ಇಳಿದ್ರಾಯ್ತು.

ಆದದ್ದೂ ಹಾಗೇ. ನನಗೂ ಬಾವನಿಗೂ ನಡಿಗೆಯಲ್ಲಿ ಶಿಯಾಗೋರುವಿನ ಎತ್ತರದಲ್ಲಿ ಮಲಗಿ ಅಭ್ಯಾಸ ಆಗಿತ್ತು, ಸರ್ಚುವಿನಲ್ಲಿ ಸಣ್ಣ ತಲೆನೋವು ಬಿಟ್ರೆ ಎಂತದೂ ಇಲ್ಲ. ಉಪ್ಪಳದ ಹುಡುಗರು ಇಬ್ಬರೂ ಮಲಗಿಬಿಟ್ರು, ಒಬ್ಬನಿಗೆ ವಾಂತಿ ನಿಲ್ಲುದೇ ಇಲ್ಲ. ಆಕ್ಸಿಮೀಟರ್ ಎಲ್ಲಿ ಅಂತ ಕೇಳಿದ್ರೆ ಅದು ಟ್ರೆಕ್ಕಿನವರ ಹತ್ರ ಅಂತೆ. ಬ್ಯಾಕಪ್ ಗಾಡಿಯಲ್ಲಿ ಆಕ್ಸಿಜನ್ ಸಿಲಿಂಡರ್ ಉಂಟು, ಮುಳ್ಳು ಕೆಂಪಿನಲ್ಲಿ ನಿಂತಿತ್ತು. ಲೀಡರ್ ಬೆಳ್ಳುಳ್ಳಿ ಸೂಪ್ ಮಾಡಿಸಿದ, ಎತ್ತರದ ಕಾಯಿಲೆಗೆ ಕೊಡುವ ಡೈಮಾಕ್ಸ್ ಮಾತ್ರೆ ಡಾಕ್ಟರ ಚೀಟಿ ಇಲ್ಲದೆ ಹಂಚಿದ, ಸಲ್ಫಾ ಮದ್ದಿನ ಅಲರ್ಜಿ ಉಂಟಾ ಅಂತ ಒಂದು ಮಾತು ಕೇಳ್ಲಿಲ್ಲ. ಆ ಮಾತ್ರೆ ಒಳ್ಳೆಯದೇ, ಆದ್ರೆ ಹತ್ತುವ ಹಿಂದಿನ ದಿನವೇ ಡಾಕ್ಟರನ್ನು ಕೇಳಿ ಶುರು ಮಾಡುವಂಥದ್ದು. ಗೈಡ್ ತೋರಿಸಿದ ಹಾಗೆ ನಾನು ಟೆಂಟಿನ ಹೊರಗೆ ಗೀಟು ಎಳೆದು ಹುಡುಗನನ್ನು ನಡೆಸಿದೆ, ನೆಟ್ಟಗೆ ನಡೆದ, ಸ್ವಲ್ಪ ಧೈರ್ಯ ಬಂತು. ಬೆಳಿಗ್ಗೆ ಲೀಡರ್ ಹೇಳ್ತಾನೆ, ಹೀಗೇ ಮುಂದೆ ಹೋಗುವ, ಲೇಹ್ ಮುಟ್ಟಿದ್ರೆ ಸರಿಯಾಗ್ತದೆ ಅಂತ. ಲೇಹ್ 3,500 ಮೀಟರ್ ಹೌದು, ಆದ್ರೆ ನಡುವೆ ಇಡೀ ದಿನ ಅದಕ್ಕಿಂತ ಎಷ್ಟೋ ಮೇಲೆ. ಆಗ ಆ ಮೆಕ್ಯಾನಿಕ್ ಹುಡುಗ, ಲಾಹೌಲಿನವನೇ, ಇಷ್ಟು ಹೊತ್ತು ಸುಮ್ಮನಿದ್ದವ, ಬ್ಯಾಕಪ್ ಗಾಡಿಯ ಕೀ ಕೈಯಲ್ಲಿ ಹಿಡ್ಕೊಂಡು ಬಂದು "ಸರ್‌ಜೀ, ನಾನು ಇವನನ್ನು ಕೇಲಾಂಗಿಗೆ ಕರ್ಕೊಂಡು ಹೋಗ್ತೇನೆ, ನೀವು ಬೈಯಿರಿ ಬೇಕಾದ್ರೆ" ಅಂದ. ಬಾರಾಲಾಚಾ ಒಂದು ಸರ್ತಿ ಹತ್ತಿ ಇಳಿದ್ರೆ ಆಚೆ ಇಳಿಜಾರೇ, ಕೇಲಾಂಗಲ್ಲಿ ಆಸ್ಪತ್ರೆ ಉಂಟು. ಸಂಜೆಗೆ ಹುಡುಗ ಚಪಾತಿ ತಿಂದ ಅಂತ ಸುದ್ದಿ ಬಂತು.

ಇನ್ನೊಂದು, ಹೊರಡುವ ಹೊತ್ತು. ದಾರ್ಚಾ ದಾಟಿದ ಮೇಲೆ ರೋಡಿಗೆ ಅಡ್ಡ ಹರಿಯುವ ನಾಲಾಗಳೆಲ್ಲ ಹಿಮ ಕರಗಿದ ನೀರು. ಬೆಳಿಗ್ಗೆ ಪಾದ ಮುಳುಗುವಷ್ಟು ಇದ್ದದ್ದು ಬಿಸಿಲೇರಿದ ಮೇಲೆ ಮೊಣಕಾಲಿಗೆ ಬರ್ತದೆ, ಕೆಳಗೆ ಉರುಟು ಕಲ್ಲು. ಬೇಗ ಹೊರಟವರು ಆರಾಮ ದಾಟ್ತಾರೆ. ನಮ್ಮ ಲೀಡರಿಗೆ ಪರಾಠ ಮುಗಿಯುವಾಗಲೇ ಒಂಬತ್ತು. ಫಸ್ಟ್ ಗೇರಲ್ಲಿ, ಮಧ್ಯದಲ್ಲಿ ಕ್ಲಚ್ ಹಿಡಿಯದೆ, ಆಕ್ಸಿಲರೇಟರ್ ಬಿಡದೆ ಹೋಗ್ಬೇಕು ಅಂತ ಹೇಳಿಕೊಟ್ಟದ್ದೂ ಮೆಕ್ಯಾನಿಕ್ಕೇ.

ಗಾಟಾ ಲೂಪ್ಸ್ 21 ತಿರುವು, ಸಂಪಾಜೆ ಘಾಟಿಯಲ್ಲಿ ಬೈಕ್ ಬಿಟ್ಟವರಿಗೆ ತಿರುವಿನ ಹೆದರಿಕೆ ಇಲ್ಲ. ಅಲ್ಲಿ ಸತ್ತ ಲಾರಿ ಕ್ಲೀನರನ ಹೆಸರಲ್ಲಿ ಜನ ನೀರಿನ ಬಾಟಲಿ ಇಟ್ಟು ಹೋಗ್ತಾರೆ, ಊರಲ್ಲಿ ಗುಳಿಗ ದೈವದ ಕಲ್ಲಿಗೆ ಕೈಮುಗಿದು ಗಾಡಿ ಮುಂದೆ ಬಿಡುವ ನಮ್ಮವರು ಹೇಳದೆಯೇ ಬಾಟಲಿ ಇಟ್ರು. ಮೋರೆ ಬಯಲು ಬಗ್ಗೆ ಎಂತ ಬರೆದ್ರೂ ಕಮ್ಮಿ, ಬರೆಯುದಿಲ್ಲ.

ಲೇಹ್ ಮುಟ್ಟಿದ ಮೇಲೆ ಗೊತ್ತಾದದ್ದು, ಮನಾಲಿಯ ಬಾಡಿಗೆ ಬೈಕಲ್ಲಿ ಖರ್ದೂಂಗ್ ಲಾ, ನುಬ್ರಾ, ಪ್ಯಾಂಗಾಂಗ್ ಕಡೆ ಹೋಗ್ಲಿಕ್ಕೆ ಲೇಹಿನ ಬೈಕ್ ಬಾಡಿಗೆಯವರು ಬಿಡುದಿಲ್ಲ, ಅಲ್ಲಿಯದ್ದೇ ಬಾಡಿಗೆಗೆ ತಗೊಳ್ಬೇಕು. ಇದು ಹೊಸ ವಿಷಯ ಅಲ್ಲ, ಕಂಪನಿಗೆ ಗೊತ್ತಿಲ್ಲದ್ದೂ ಅಲ್ಲ, ಬುಕ್ ಮಾಡುವಾಗ ಬಾಯಿ ಬಿಡ್ಲಿಲ್ಲ ಅಷ್ಟೇ. ಸ್ವಂತ ಹೆಸರಲ್ಲಿ ಆರ್‌ಸಿ ಇರುವ ನಮ್ಮ ಕಾಸರಗೋಡಿನ ಕೆಎಲ್ 14 ಬೈಕಾದ್ರೆ ಈ ರಗಳೆ ಇರ್ಲಿಲ್ಲ. ಖರ್ದೂಂಗ್ ಲಾದಲ್ಲಿ ಬಹಳ ಕಾಲ 18,380 ಅಡಿ ಅಂತ ಬೋರ್ಡ್ ಇತ್ತು, ಅಳತೆ ಪ್ರಕಾರ 17,582. ಟೀ ಶರ್ಟಲ್ಲೂ ಆ ಬೋರ್ಡಿನ ಲೆಕ್ಕವೇ, ನಾನೂ ಒಂದು ತಗೊಂಡೆ. ಹೊರಗಿನ ರಾಜ್ಯದ ಪ್ರೀಪೇಯ್ಡ್ ಸಿಮ್ ಲಡಾಖಲ್ಲಿ ನಡೆಯುದಿಲ್ಲ, ಗುಂಪಲ್ಲಿ ಒಬ್ಬನದ್ದಾದ್ರೂ ಪೋಸ್ಟ್‌ಪೇಯ್ಡ್ ಇರ್ಲಿ.

ಹಾಗಾದ್ರೆ ಬೈಕಲ್ಲಿ ಹೋಗುದೇ ಬೇಡ್ವಾ ಅಂದ್ರೆ, ಹೋಗಿ, ಶ್ರೀನಗರದ ಕಡೆಯಿಂದ ಹತ್ತಿ. ಜೋಜಿ ಲಾ 3,528, ರಾತ್ರಿ ಕಾರ್ಗಿಲಲ್ಲಿ 2,700ರ ಒಳಗೆ ನಿದ್ದೆ, ಮರುದಿನ ಫೋಟು ಲಾ 4,108 ದಾಟಿ ಲೇಹಿಗೆ ಇಳಿಯುದು, ಲೇಹಲ್ಲಿ ಎರಡು ದಿನ ತೆಪ್ಪಗೆ ಕೂತು ಆಮೇಲೆ ಮನಾಲಿ ರೋಡಲ್ಲಿ ವಾಪಸ್. ಮನಾಲಿಯಿಂದಲೇ ಹತ್ತುದು ಅಂತಿದ್ರೆ ಮೊದಲ ರಾತ್ರಿ ಸರ್ಚುಗಿಂತ ಎಷ್ಟೋ ಕೆಳಗಿನ ಜಿಸ್ಪಾದಲ್ಲಿ ನಿಲ್ಲಿಸ್ತೀರಾ, ಒಂದು ದಿನ ಜಾಸ್ತಿ ಇರ್ಲಿಕ್ಕೆ ಬಿಡ್ತೀರಾ ಅಂತ ಅಡ್ವಾನ್ಸ್ ಕೊಡುವ ಮೊದಲು ಕೇಳಿ. ಎಲ್ಲರೂ ಸರ್ಚುವಿನಲ್ಲೇ ನಿಲ್ಲುದು ಸಾರ್ ಅಂತ ಉತ್ತರ ಬಂದ್ರೆ ಫೋನ್ ಇಡಿ. ಇದೇ ಕಂಪನಿಯ ಹಂಪ್ತಾಕ್ಕೆ ಮಾತ್ರ ನಾನು ಯಾರನ್ನು ಬೇಕಾದ್ರೂ ಕಳಿಸ್ತೇನೆ, ನನ್ನ ಅಕ್ಕನ ಮಕ್ಕಳನ್ನೂ.

ಇನ್ನು ಬೈಕಿಗೆ ಕೊಟ್ಟ ಡೆಪಾಸಿಟ್, ಅದು ಪೂರ್ತಿ ವಾಪಸ್ ಬಂತು. ಕ್ಲಚ್ ಪ್ಲೇಟ್, ಕ್ರ್ಯಾಶ್ ಗಾರ್ಡ್ ಅಂತ ಹೇಳಿ ಹಿಡಿಯುವವರು ಇದ್ದಾರೆ, ಬಾವ ಹೊರಡುವ ಮೊದಲೇ ಬೈಕಿಗೆ ಒಂದು ಸುತ್ತು ಬಂದು ವಿಡಿಯೋ ತೆಗೆದು ಅವರ ವಾಟ್ಸಾಪಿಗೇ ಕಳಿಸಿದ್ದ, ಓಡಿದ ಕಿಲೋಮೀಟರ್ ಕಾಣುವ ಹಾಗೆ. ನೀವೂ ಹಾಗೇ ಮಾಡಿ.