ಗುಳ್ಳೆ ರೋಗದ ಗುರಿ ಯಾವುದು? ಎಲೈಸಾ, ಸೀಳಿದ ಚರ್ಮ, ಬ್ಲಾಟ್

ರೋಗಿಗೆ ಪೆಂಫಿಗಾಯ್ಡ್ ಗುಂಪಿನ ಕಾಯಿಲೆ ಅನ್ನೋ ಅನುಮಾನ: ದೇಹದ್ದೇ ಆ್ಯಂಟಿಬಾಡಿಗಳು ಚರ್ಮದ ಪದರಗಳನ್ನು ಹಿಡಿದಿಡುವ ಪ್ರೋಟೀನಿನ ಮೇಲೆ ಬಿದ್ದು ಗುಳ್ಳೆ ಎಬ್ಬಿಸುವ ಕಾಯಿಲೆಗಳು ಇವು. ಆ್ಯಂಟಿಬಾಡಿ ಯಾವ ಪ್ರೋಟೀನಿನ ಮೇಲೆ ಬಿದ್ದಿದೆ ಅಂತ ತಿಳಿಯಬೇಕು.

ಎಲೈಸಾ, ಅಂದರೆ ಆಯ್ದ ಪ್ರೋಟೀನಿಗೆ ಅಂಟುವ ಆ್ಯಂಟಿಬಾಡಿಯನ್ನು ರಕ್ತದಲ್ಲಿ ಅಳೆಯುವ ಕಿಟ್ ಪರೀಕ್ಷೆ, ಸುಲಭ, ಅಂಕಿಯೂ ಸಿಗುತ್ತದೆ. ಆದರೆ ಕಿಟ್‌ನಲ್ಲಿ ಇಲ್ಲದ ಗುರಿ ಅದರ ಕಣ್ಣಿಗೆ ಬೀಳುವುದೇ ಇಲ್ಲ.

ಸೀಳಿದ ಚರ್ಮದ ಪರೀಕ್ಷೆ ನನಗೆ ಜಾಸ್ತಿ ಇಷ್ಟ. ಆರೋಗ್ಯವಂತರ ಚರ್ಮವನ್ನು 1 ಮೋಲಾರ್ ಉಪ್ಪುನೀರಿನಲ್ಲಿ ನೆನೆಸಿದರೆ ಎರಡು ಪದರವಾಗಿ ಬಿಡುತ್ತದೆ. ಅದರ ಮೇಲೆ ರೋಗಿಯ ಸೀರಂ (ರಕ್ತದ ತಿಳಿ ದ್ರವ) ಹಾಕಿ, ಅಂಟಿದ ಆ್ಯಂಟಿಬಾಡಿ ಹೊಳೆಯುವಂತೆ ಬಣ್ಣ ಕೊಟ್ಟು ನೋಡುತ್ತಾರೆ. ಮೇಲಿನ ಪದರ ಹೊಳೆದರೆ ಗುರಿ ಸಾಮಾನ್ಯವಾಗಿ ಬಿಪಿ180 ಅಥವಾ ಬಿಪಿ230 ಎಂಬ ಪ್ರೋಟೀನು. ಕೆಳಗಿನದು ಹೊಳೆದರೆ ಕೊಲಾಜೆನ್ 7, ಲ್ಯಾಮಿನಿನ್ 332 ಅಥವಾ ಪಿ200. ದಿಕ್ಕು ತೋರಿಸುತ್ತದೆ, ಹೆಸರು ಹೇಳುವುದಿಲ್ಲ.

ಕೆಳಗೆ ಹೊಳೆದೂ ಎಲೈಸಾ ಸುಮ್ನೆ ಕೂತಿದ್ದರೆ, ಪ್ರೋಟೀನುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಆ್ಯಂಟಿಬಾಡಿ ಯಾವುದಕ್ಕೆ ಅಂಟುತ್ತದೆ ಎಂದು ನೋಡುವ ಇಮ್ಯುನೋಬ್ಲಾಟ್‌ಗೇ ಹೋಗಿ. ಒಳಚರ್ಮದ ಸಾರದಲ್ಲಿ 200 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಪಟ್ಟಿ ಬಂದರೆ ಪಿ200, 290 ಬಂದರೆ ಕೊಲಾಜೆನ್ 7. ಪರಿಣತ ಲ್ಯಾಬ್ ಬೇಕು, ನಿಜ. ಆದರೂ ಬಿಡಬೇಡಿ: ಗುರಿ ಲ್ಯಾಮಿನಿನ್ 332 ಆಗಿದ್ದರೆ ಒಳಗೆಲ್ಲಾದರೂ ಕ್ಯಾನ್ಸರ್ ಇದೆಯಾ ಎಂದೂ ಹುಡುಕಬೇಕಾಗುತ್ತದೆ.